ಎರಡಕ್ಷರದ ಕೂಸು, ಏಳು ಭಾಷೆಯ ಅರ್ಥ

ನಮ್ಮ ಹುಬ್ಬಳ್ಳಿಯಲ್ಲಿ ಹೆಸರಿನ ವಿಷಯದಲ್ಲಿ ಎರಡು ಚಳವಳಿಗಳು ಒಟ್ಟಿಗೇ ನಡೆದಿವೆ. ಊರು, ಸ್ಟೇಷನ್ನುಗಳ ಹೆಸರು ಉದ್ದ ಆಗುತ್ತಿದೆ. ಕೂಸುಗಳ ಹೆಸರು ಗಿಡ್ಡ ಆಗುತ್ತಿದೆ.

2014ರಲ್ಲಿ ಇಂಗ್ಲಿಷಿನ ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು. 2020ರಲ್ಲಿ ರೈಲ್ವೆ ಸ್ಟೇಷನ್ನಿಗೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಅಷ್ಟು ದೊಡ್ಡ ಹೆಸರು ಬರೆಯಲು ಜಾಗ ಬೇಕಲ್ಲ, ಅದಕ್ಕೇ ಇರಬೇಕು, ಒಂದೂವರೆ ಕಿಲೋಮೀಟರಿನ ಪ್ಲಾಟ್‌ಫಾರ್ಮನ್ನೂ ಕಟ್ಟಿದರು. ಜಗತ್ತಿನಲ್ಲೇ ಉದ್ದದ್ದು. ಆದರೆ ಟಿಕೆಟ್ ಮೇಲೆ ಈಗಲೂ ಮೂರೇ ಅಕ್ಷರ: ಯುಬಿಎಲ್.

ಕೂಸುಗಳ ಹೆಸರಿಗೆ ಮೂರೂ ಜಾಸ್ತಿಯಾಯಿತು. ಎರಡಕ್ಷರ, ಬಹಳ ಅಂದರೆ ಎರಡೂವರೆ. ಅದು ಓಣಿಯಲ್ಲಿ ಬೇರೆ ಯಾರಿಗೂ ಇರಬಾರದು. ಅಮೆರಿಕದವರ ಬಾಯಲ್ಲೂ ಹೊರಳಬೇಕು. ಮತ್ತು ಅರ್ಥ ಇರಬೇಕು. ಒಂದು ಭಾಷೆಯಲ್ಲಲ್ಲ, ಕನಿಷ್ಠ ಏಳರಲ್ಲಿ. ಹೆಸರು ಗಿಡ್ಡವಾದಷ್ಟೂ ಅರ್ಥ ಉದ್ದವಾಗಬೇಕು ಎನ್ನುವುದು ಈ ಕಾಲದ ನಿಯಮ.

ಅರ್ಥ ಎಲ್ಲಿ ಸಿಗುತ್ತದೆ? ಮೊಬೈಲಿನಲ್ಲಿ. ಅಲ್ಲಿ ಜಗತ್ತಿನ ಹೆಸರುಗಳಿಗೆಲ್ಲ ಸೇರಿ ನಾಲ್ಕೇ ಅರ್ಥ: ಸೂರ್ಯನ ಮೊದಲ ಕಿರಣ, ಲಕ್ಷ್ಮಿಯ ಇನ್ನೊಂದು ಹೆಸರು, ವಿಷ್ಣುವಿನ ಇನ್ನೊಂದು ಹೆಸರು, ದೇವರ ಉಡುಗೊರೆ. ಕಿಯಾನ್ ಎಂದು ಹುಡುಕಿ ವಿಷ್ಣು ಎಂದು ಬಂದರೆ ಯಾರು ತಕರಾರು ತೆಗೆಯುತ್ತಾರೆ? ಸಹಸ್ರನಾಮದಲ್ಲಿ ಸಾವಿರ ಹೆಸರಿವೆ, ಎಲ್ಲೋ ಒಂದು ಮೂಲೆಯಲ್ಲಿ ಇದೂ ಇದ್ದೀತು ಎಂಬ ಭರವಸೆ. ಇಲ್ಲ. ಕಿಯಾನ್ ಪಾರಸಿಯಲ್ಲಿ ಹಳೆಯ ಅರಸರ ವಂಶಕ್ಕೆ ಸಂಬಂಧಿಸಿದ ಹೆಸರು. ಐರ್ಲೆಂಡಿನಲ್ಲಿ ಇದೇ ಉಚ್ಚಾರದ ಇನ್ನೊಂದು ಹೆಸರಿದೆ, ಅದರ ಅರ್ಥ ಪ್ರಾಚೀನ. ಹುಟ್ಟಿ ಹನ್ನೆರಡು ದಿನದ ಕೂಸಿಗೆ ಪ್ರಾಚೀನ ಎಂದು ಹೆಸರಿಡುವುದು ಸ್ವಲ್ಪ ಅವಸರವಾಯಿತು ಅಲ್ವಾ?

ನಮ್ಮ ಹಿರಿಯರಿಗೆ ಈ ತಾಪತ್ರಯ ಇರಲಿಲ್ಲ. ಬಸವ್ವ, ನಿಂಗಪ್ಪ, ಯಲ್ಲವ್ವ ಎಂದರೆ ಯಾವ ದೇವರು ಎಂದು ಯಾರೂ ಕೇಳುವ ಹಾಗೇ ಇಲ್ಲ. ಶಿರಹಟ್ಟಿಯ ಮಠಕ್ಕೆ ನಡೆದುಕೊಳ್ಳುವ ಮನೆಯಲ್ಲಿ ಫಕೀರಪ್ಪ ಹುಟ್ಟುತ್ತಿದ್ದ. ಕೂಸುಗಳು ಉಳಿಯದ ಮನೆಯಲ್ಲಿ ತಿಪ್ಪಣ್ಣ ಹುಟ್ಟುತ್ತಿದ್ದ. ತಿಪ್ಪೆಯದ್ದು ಎಂದರೆ ಯಮನೂ ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗಲಿ ಎಂದು. ಅದೊಂದು ಯೋಜನೆ. ಅರ್ಥ ಗೊತ್ತಿದ್ದೇ, ಬೇಕೆಂದೇ ಕೆಟ್ಟ ಹೆಸರಿಡುವ ಧೈರ್ಯ ಇವತ್ತು ಯಾರಿಗಿದೆ?

ಮೊನ್ನೆ ಗದಗ-ಬೆಟಗೇರಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮ. ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ "ಕುರ್‍ರ್" ಎಂದಳು. ಹಿಂದೆ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದಿದರು. ಹೆಸರು ಹೊರಬಿತ್ತು. ಗೋಡೆಗೆ ಒರಗಿ ಗುಗ್ಗರಿ ತಿನ್ನುತ್ತಿದ್ದ ಅಜ್ಜನಿಗೆ ಸರಿಯಾಗಿ ಕೇಳಿಸಲಿಲ್ಲ.

"ಏನಂತ ಇಟ್ರಿ ಹೆಸರು?"

"ಇರಾ ಅಂತ್ರಿ ಅಜ್ಜಾರ."

"ಈರಾ? ಹೆಣ್ಣಕೂಸು ಅಂದಿದ್ರಲ್ಲೋ ಮುಂಜಾನೆ!"

"ಹೆಣ್ಣಕೂಸsರೀ. ಈರಾ ಅಲ್ರಿ, ಇರಾ. ಸಂಸ್ಕೃತದಾಗ ಭೂಮಿ ಅಂತ ಅರ್ಥ."

"ಮತ್ತ ಭೂಮವ್ವ ಅಂತ ಇಡಬೇಕಿಲ್ಲೋ!"

ಪುಣೆಯಿಂದ ಬಂದಿದ್ದ ಕೂಸಿನ ಕಾಕಾ ಮೊಬೈಲ್ ತೆಗೆದ. ಸಂಸ್ಕೃತದಲ್ಲಿ ಭೂಮಿ, ನೀರು. ಹೀಬ್ರೂ ಭಾಷೆಯಲ್ಲಿ ಎಚ್ಚರ ಇರುವವನು ಎಂದು ಓದಿ ಹೇಳಿದ. ಇರುವವನು ಎಂದದ್ದನ್ನು ಮೆಲ್ಲಗೆ ಓದಿದ. ಮುಂದೆ ಲ್ಯಾಟಿನ್ ಬಂತು. ಅವನು ಬೆರಳಿಂದ ಪಟಕ್ಕನೆ ಮೇಲಕ್ಕೆ ಸರಿಸಿಬಿಟ್ಟ. ಲ್ಯಾಟಿನ್, ಸ್ಪ್ಯಾನಿಷ್, ಇಟಾಲಿಯನ್ ಮೂರರಲ್ಲೂ ಇರಾ ಎಂದರೆ ಸಿಟ್ಟು. ನಮ್ಮ ಕಡೆ ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಮನೆತನಗಳಿವೆ. ಅವರಲ್ಲಿ ಯಾರಾದರೂ ಮಗಳಿಗೆ ಇರಾ ಎಂದಿಟ್ಟರೆ ಸ್ಪೇನಿನಲ್ಲಿ ವೀಸಾ ಕೊಡುವವನು ಎರಡು ಸಲ ಯೋಚಿಸಿಯಾನು. ಹಾಗೆ ನೋಡಿದರೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಕೊರತೆಯನ್ನು ಲ್ಯಾಟಿನ್ ತುಂಬಿಕೊಡುತ್ತದೆ.

ಏಳು ಭಾಷೆಯ ಅರ್ಥ ಬೇಕು ಎನ್ನುವವರಿಗೆ ಏಳೂ ಭಾಷೆಯ ಪೂರ್ತಿ ಅರ್ಥ ಬೇಡ, ಇದೇ ತಮಾಷೆ. ಉಮಾ ನಮ್ಮಲ್ಲಿ ಪಾರ್ವತಿ, ಜಪಾನಿನಲ್ಲಿ ಕುದುರೆ. ಹನಾ ಅಲ್ಲಿ ಹೂವೂ ಹೌದು, ಮೂಗೂ ಹೌದು. ಎಲ್ಲರೂ ಹೂವನ್ನೇ ಆರಿಸುತ್ತಾರೆ. ರಿಯಾ ಅರಬ್ಬಿ ಕಿವಿಗೆ ತೋರಿಕೆಯ ಭಕ್ತಿ ಎಂದು ಕೇಳಿಸೀತು. ಕೈ ಎಂದರೆ ಹವಾಯಿಯಲ್ಲಿ ಸಮುದ್ರ. ಅದನ್ನು ಮಾತ್ರ ಇಲ್ಲಿಗೆ ತರಬೇಡಿ. ಚುನಾವಣೆ ಬಂದಾಗ ಹುಡುಗನನ್ನು ಮನೆಯೊಳಗೆ ಕೂಡಿಹಾಕಬೇಕಾದೀತು.

ಇದರಲ್ಲಿ ಯಾವ ಪವಾಡವೂ ಇಲ್ಲ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಮನುಷ್ಯನ ಬಾಯಿಗೆ ಸಲೀಸಾಗಿ ಬರುವ ಧ್ವನಿಗಳು ಕೆಲವೇ. ಎರಡಕ್ಷರವನ್ನು ಹೇಗೆ ಜೋಡಿಸಿದರೂ ಎಲ್ಲೋ ಒಂದು ಕಡೆ ಅದಕ್ಕೆ ಅರ್ಥ ಇದ್ದೇ ಇರುತ್ತದೆ. ನೀವು ಸೀನಿದರೂ ಯಾವುದೋ ದ್ವೀಪದಲ್ಲಿ ಯಾರೋ ತಿರುಗಿ ನೋಡಿಯಾರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂಬಬರಂ ಎಂಬ ಭಾಷೆಯಲ್ಲಿ ನಾಯಿಗೆ ಡಾಗ್ ಎಂದೇ ಹೆಸರು. ಡಿಕ್ಸನ್ ಎಂಬ ಭಾಷಾವಿಜ್ಞಾನಿ ಅದನ್ನು ಬರೆದುಕೊಂಡಾಗ ಇಂಗ್ಲಿಷಿನಿಂದ ಬಂದಿರಬೇಕು ಎಂದೇ ಯಾರಿಗಾದರೂ ಅನ್ನಿಸುತ್ತಿತ್ತು. ಅಲ್ಲ. ಗುಡಗ ಎಂಬ ಹಳೆಯ ಪದ ಸವೆದು ಸವೆದು ಅಲ್ಲಿಗೆ ಬಂದು ನಿಂತಿತ್ತು. ಪಾರಸಿಯ ಬದ್, ಇಂಗ್ಲಿಷಿನ ಬ್ಯಾಡ್ ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ, ಎರಡಕ್ಕೂ ನಂಟಿಲ್ಲ. ಇನ್ನು ಜಾರ್ಜಿಯಾದಲ್ಲಿ ಅಪ್ಪನಿಗೆ ಮಾಮಾ ಎನ್ನುತ್ತಾರೆ. ಅಲ್ಲಿಯವನು ಹುಬ್ಬಳ್ಳಿಗೆ ಬಂದು ಹೆಂಡತಿಯ ತವರುಮನೆಯಲ್ಲಿ ಇಳಿದುಕೊಂಡರೆ ಏನೇನು ಗೊಂದಲ ಆದೀತು ಎಂದು ಸುಮ್ನೆ ಯೋಚಿಸಿ.

ಆದರೆ ಯೋಚಿಸಲು ಬಿಡುವುದಿಲ್ಲ ಒಬ್ಬರು. ಪ್ರತಿ ಓಣಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿವೃತ್ತರು. ಬೆಳಗ್ಗೆ ಚಾ ಕುಡಿಯುವಾಗ ಅವರಿಗೆ ಗ್ರೀಕ್ ನೆನಪಾಗುತ್ತದೆ. "ಗ್ರೀಕರು ನೀರಿಗೆ ನೆರೋ ಅಂತಾರ್ರಿ! ಎಲ್ಲಿಂದ ಹೋತು ಹೇಳ್ರಿ? ಇಲ್ಲಿಂದನs ಹೋತು!" ನೀರು ನೆರೋ ಆಗಿದ್ದು ಹೇಗೆ, ಯಾವ ಕಾಲದಲ್ಲಿ, ಯಾರು ಒಯ್ದರು ಎಂದು ಕೇಳಿದರೆ ಅಭಿಮಾನ ಇಲ್ಲದವರು ಎನಿಸಿಕೊಳ್ಳುತ್ತೀರಿ. ಹಳೆಯ ಗ್ರೀಕಿನಲ್ಲಿ ನೀರಿಗೆ ಬೇರೆಯೇ ಪದವಿತ್ತು. ಅದರ ಹಿಂದೆ ತಾಜಾ ಎನ್ನುವ ಅರ್ಥದ ನೆಯರೋನ್ ಸೇರಿಸಿ ತಾಜಾ ನೀರು ಎನ್ನುತ್ತಿದ್ದರು. ಕಾಲಕ್ರಮದಲ್ಲಿ ನೀರು ಬಿದ್ದುಹೋಗಿ ತಾಜಾ ಮಾತ್ರ ಉಳಿಯಿತು. ಅದೇ ನೆರೋ. ಇದನ್ನು ಹೇಳಿದಾಗ ಅವರು ನನ್ನನ್ನೇ ನೋಡಿ, "ಆ ತಾಜಾ ಅನ್ನೂದೂ ನಮ್ಮದs" ಎಂದರು.

ಅವರು ಕುಡಿಯುತ್ತಿದ್ದ ಚಾ ಚೀನಾದ್ದು. ಅವರಿಗೆ ಪ್ರತಿ ತಿಂಗಳು ಬರುತ್ತಿದ್ದ ಪಗಾರ ಪೋರ್ಚುಗೀಸರದ್ದು. ಕಪಾಟಿನ ಚಾವಿ, ಪಲ್ಯದ ಬಟಾಟಿ, ಸಂಜೆ ತಿನ್ನುವ ಪಾವ್ ಎಲ್ಲವೂ ಪೋರ್ಚುಗೀಸರವೇ. ಕೂತ ಖುರ್ಚಿಯ ಬೇರು ಅರಬ್ಬಿಯಲ್ಲಿದೆ. ಇವಕ್ಕೆಲ್ಲ ದಾಖಲೆಯಿದೆ, ಹಡಗಿದೆ, ಗೋವಾ ಎಂಬ ಬಂದರು ಪಕ್ಕದಲ್ಲೇ ಇದೆ. ಆದರೆ ಸಾಲ ತಂದದ್ದರ ಬಗ್ಗೆ ಯಾರಿಗೂ ಕುತೂಹಲವಿಲ್ಲ. ಕೊಟ್ಟೆವು ಎನ್ನುವುದೇ ಬೇಕು, ಕೊಡದೇ ಇದ್ದರೂ. ಕಿಟೆಲ್ ಎಂಬ ಜರ್ಮನ್ ಪಾದ್ರಿ ಧಾರವಾಡಕ್ಕೆ ಬಂದು ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿಸಿದ. ಪಾಪ, ಅವನ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ. ಇದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಮತ್ತೆ ಕೂಸಿಗೆ ಬರೋಣ. ಮೊಬೈಲಿಗಿಂತ ಮೊದಲು ಜೋಯಿಸರ ಪಾಲಿದೆ. ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೆ, ಚೋ, ಲ. ಇಲ್ಲಿಯವರೆಗೆ ಸುಖ. ಆರ್ದ್ರಾ ಮೂರನೇ ಪಾದದಲ್ಲಿ ಹುಟ್ಟಿದ ಕೂಸಿಗೆ ಬರುವ ಅಕ್ಷರ ಙ. ವರ್ಣಮಾಲೆಯ ತಖ್ತೆಯಲ್ಲಿ ಕೂಡ ಪಕ್ಕದಲ್ಲಿ ಚಿತ್ರ ಹಾಕಲಾಗದ ಅಕ್ಷರ ಅದು. ಹಸ್ತಾ ಮೂರನೇ ಪಾದಕ್ಕೆ ಣ. ಜಾಣ ಜೋಯಿಸರು ಮೆಲ್ಲಗೆ ಪಕ್ಕದ ಅಕ್ಷರಕ್ಕೆ ಸರಿಯುತ್ತಾರೆ. ಹಟ ಹಿಡಿದವರಿಗೆ ಒಂದೇ ದಾರಿ, ವಿಯೆಟ್ನಾಂ. ಅಲ್ಲಿ ಅತಿ ಹೆಚ್ಚು ಜನರ ಮನೆತನದ ಹೆಸರು ಙಕಾರದಿಂದಲೇ ಶುರುವಾಗುತ್ತದೆ, ಙುಯೆನ್ ಎಂದು. ಆರ್ದ್ರಾದ ಕೂಸುಗಳೆಲ್ಲ ಅಲ್ಲೇ ಹುಟ್ಟುತ್ತವೋ ಏನೋ.

ಜೋಯಿಸರು ಮುಗಿದರೆ ಸಂಖ್ಯಾಶಾಸ್ತ್ರದವರು. ಇರಾ ಎಂದು ಕನ್ನಡದಲ್ಲಿ ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಮುಗಿಯುವುದಿಲ್ಲ. ಕೊನೆಗೆ ಒಂದು ಎ ಇದ್ದರೆ ಕಷ್ಟ, ಎರಡಿದ್ದರೆ ಸರಕಾರಿ ನೌಕರಿ, ಮೂರಿದ್ದರೆ ವಿದೇಶ. ಎರಡಕ್ಷರದ ಹೆಸರು ಹೀಗೆ ಬಾಲ ಬೆಳೆಸಿಕೊಂಡು ಮುಂದೆ ಆಧಾರ್, ಶಾಲೆ, ಬ್ಯಾಂಕು ಮೂರು ಕಡೆ ಮೂರು ಥರ ಇರುತ್ತದೆ. ಆಮೇಲೆ ಇವರೆಲ್ಲ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕು.

ಅವಸರ ಮಾತ್ರ ಬೇಡ. ಕಾನೂನು ತಾಯಿ-ತಂದೆಯ ಸಂಕಟವನ್ನು ಚೆನ್ನಾಗಿ ಅರಿತಿದೆ. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಪುಕ್ಕಟೆ. ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟೊತ್ತಿಗೆ ಕೂಸು ಎಸ್ಸೆಸ್ಸೆಲ್ಸಿಗೆ ಬಂದಿರುತ್ತದೆ. ತನ್ನ ಮೊಬೈಲಿನಲ್ಲಿ ತಾನೇ ಹುಡುಕಿ, ಲ್ಯಾಟಿನ್ನೂ ಓದಿ, ಅಪ್ಪ-ಅವ್ವನನ್ನು ಕೂರಿಸಿಕೊಂಡು ವಿಚಾರಿಸಿಕೊಳ್ಳುತ್ತದೆ.