ಇನ್ನೊಂದು ರೊಟ್ಟಿ, ಬೇರೆ ಮಾತಿನಲ್ಲಿ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ಗೆ, ಅಂದರೆ ಪರೀಕ್ಷಕರ ಎದುರು ಮಾತಾಡುವ ಭಾಗಕ್ಕೆ ತಯಾರಾಗುತ್ತಿರುವ ಹುಡುಗನನ್ನು ಹಿಡಿದು ನಿಲ್ಲಿಸಿ, ನಿನ್ನ ಊರು ಯಾವುದಪ್ಪಾ ಎಂದು ಇಂಗ್ಲಿಷಿನಲ್ಲಿ ಕೇಳಿ ನೋಡಿ. ‘ವಿಜಯಪುರ’ ಅನ್ನುವ ಮೊದಲು ‘ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್’ ಅನ್ನುತ್ತಾನೆ. ಊರಿನ ಹೆಸರು ಕೇಳುವುದರಲ್ಲಿ ಇಂಟರೆಸ್ಟಿಂಗ್ ಏನಿದೆಯೋ ಸಿದ್ಧೇಶ್ವರನೇ ಬಲ್ಲ. ಆಮೇಲೆ ‘ಮೈ ನೇಟಿವ್ ಡೊಮಿಸೈಲ್’ ಎಂದು ಶುರು. ಡೊಮಿಸೈಲ್ ಎಂದರೆ ನಮ್ಮ ಕಡೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸುವ ಸರ್ಟಿಫಿಕೇಟು. ಅದರಲ್ಲಿ ಯಾರೂ ಹುಟ್ಟಿ ಬೆಳೆದಿಲ್ಲ.

ಪ್ರಶ್ನೆಯಲ್ಲಿದ್ದ ಶಬ್ದ ಉತ್ತರದಲ್ಲಿ ಬರಲೇಬಾರದು ಎಂದು ಯಾರೋ ಇವರ ತಲೆಗೆ ತುಂಬಿದ್ದಾರೆ. ಪರೀಕ್ಷೆಯ ನಿಯಮದಲ್ಲಿ ಹಾಗೇನೂ ಇಲ್ಲ. ಇಡೀ ಮಾತುಕತೆ ಮೂರು ಭಾಗ, 11ರಿಂದ 14 ನಿಮಿಷ. ನಿರರ್ಗಳತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ, ನಾಲ್ಕಕ್ಕೂ ತಲಾ ಕಾಲು ಪಾಲು ಅಂಕ. ಬೇರೆ ಮಾತಿನಲ್ಲಿ ಹೇಳುವ ಶಕ್ತಿ ಬರುವುದು ಶಬ್ದಸಂಪತ್ತಿನ ಲೆಕ್ಕಕ್ಕೆ: ಪ್ರಯತ್ನಪಟ್ಟು ಕೆಲವೊಮ್ಮೆ ಎಡವಿದರೆ ಬ್ಯಾಂಡ್ (ಅಂಕದ ಮಟ್ಟ) 5, ಸಾಮಾನ್ಯವಾಗಿ ಸಾಧಿಸಿದರೆ 6, ಬೇಕಾದಾಗ ಚೆನ್ನಾಗಿ ಬಳಸಿದರೆ 7. ಆ ‘ಬೇಕಾದಾಗ’ ಮಾತ್ರ ಕ್ಲಾಸಿನ ಝೆರಾಕ್ಸ್ ಹಾಳೆಗಳಲ್ಲಿ ಕಾಣುವುದಿಲ್ಲ. ಅಲ್ಲಿರುವುದು ಪಟ್ಟಿ: ‘ಮೆನಿ’ ಬದಲು ‘ಪ್ಲೆಥೊರಾ’ (ಬೇಕಾದ್ದಕ್ಕಿಂತ ಹೆಚ್ಚು), ‘ಗುಡ್’ ಬದಲು ಇನ್ನೊಂದು. ಹುಡುಗ ಪ್ಲೆಥೊರಾ ಹುಡುಕುತ್ತ ನಾಲ್ಕು ಸೆಕೆಂಡು ಬಾಯಿ ತೆರೆದು ಕೂರುತ್ತಾನೆ, ನಿರರ್ಗಳತೆಗೆ ಕತ್ತರಿ. ಸಿಕ್ಕಿದ್ದನ್ನು ‘ಪ್ಲೆಥೊರಾ ಆಫ್ ಬ್ರದರ್ಸ್’ ಎಂದು ಜೋಡಿಸುತ್ತಾನೆ, ಶಬ್ದಸಂಪತ್ತಿಗೆ ಕತ್ತರಿ. ಮೊದಲ ಅಕ್ಷರಕ್ಕೆ ಬೀಳಬೇಕಾದ ಒತ್ತು ‘ಥೊ’ ಮೇಲೆ ಬಿತ್ತೋ, ಉಚ್ಚಾರಣೆಗೂ ಕತ್ತರಿ. ಇದ್ದ ‘ಮೆನಿ’ ಏನು ಪಾಪ ಮಾಡಿತ್ತು?

ಇಷ್ಟಕ್ಕೂ ಬೇರೆ ಮಾತಿನಲ್ಲಿ ಹೇಳುವುದನ್ನು ನಮ್ಮ ಜನಕ್ಕೆ ಕಲಿಸಬೇಕೆ? ಬಾಗಲಕೋಟೆ ಕಡೆಯ ಯಾವುದಾದರೂ ಮನೆಯಲ್ಲಿ ಊಟಕ್ಕೆ ಕೂತು ನೋಡಿ.

‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’

‘ಸಾಕ್ರಿ ಅಕ್ಕಾರ.’

‘ಅರ್ಧಾ ತಗೋರಿ.’

‘ಹೊಟ್ಟಿ ತುಂಬೈತ್ರಿ.’

‘ಏನ್ ಉಂಡ್ರಿ, ಗಂಗಾಳ ಮುಟ್ಟಿದ್ರಿ ಅಷ್ಟ.’

‘ಮೂರಾದ್ವಲ್ರೀ ಆಗಲೇ.’

‘ಎಣಗಾಯಿ ಹಂಗ ಉಳದೈತಿ, ಅದಕ್ಕ ಜೋಡಿ ಬ್ಯಾಡೇನು?’

‘ಸಂಜೀಕ ಮತ್ತ ಬೀಗರ ಮನ್ಯಾಗ ಉಣ್ಣೂದೈತ್ರಿ.’

‘ಅವ್ರು ಹೊತ್ತು ಮುಳುಗಿದ ಮ್ಯಾಲ ನೀಡ್ತಾರ. ಅಲ್ಲೀತನಕಾ?’

ರೊಟ್ಟಿ ಎಂಬ ಶಬ್ದ ಬಂದದ್ದು ಒಂದೇ ಸಲ. ಅದಕ್ಕೆ ಸಮಾನಾರ್ಥಕ ಪದವನ್ನು ಯಾರೂ ಹುಡುಕಲಿಲ್ಲ. ಆಕೆ ಮೊದಲು ಕೇಳಿದಳು, ಆಮೇಲೆ ಅಳತೆ ಇಳಿಸಿದಳು, ಆಮೇಲೆ ಆಪಾದನೆ ಹೊರಿಸಿದಳು, ಆಮೇಲೆ ಪಲ್ಯವನ್ನು ಎಳೆದು ತಂದಳು, ಕಡೆಗೆ ಅವನು ತಂದ ಬೀಗರನ್ನೂ ಅವನ ಮೇಲೇ ತಿರುಗಿಸಿದಳು. ಉಣ್ಣುವವನೂ ಕಡಿಮೆಯಿಲ್ಲ: ಹೊಟ್ಟೆ, ಲೆಕ್ಕ, ಸಂಜೆ ಎಂದು ಪ್ರತಿ ಸಲ ವಾಕ್ಯದ ಕರ್ತೃವನ್ನೇ ಬದಲಿಸಿದ. ಕೈ ಅಡ್ಡ ಹಿಡಿದವನ ಬೆರಳ ಸಂದಿಯಿಂದ ಶೇಂಗಾ ಹಿಂಡಿ ಬೀಳುತ್ತದೆ. ಹಿಂಡಿ ಬಿದ್ದ ಮೇಲೆ ಅದನ್ನು ತಿನ್ನಲಿಕ್ಕಾದರೂ ರೊಟ್ಟಿ ಬೇಕು. ರೊಟ್ಟಿ ಮುಗಿಯಿತೆಂದರೆ ಅನ್ನ, ಅದಕ್ಕೆ ಮಜ್ಜಿಗೆ, ಅಲ್ಲಿಯೂ ಇದೇ ವಾದ ಮೊದಲಿನಿಂದ. ಈ ಮನೆಯ ಮಗನೇ ಪರೀಕ್ಷೆಯ ಕೋಣೆಗೆ ಹೋಗಿ, ‘ಡು ಯು ಲೈಕ್ ಕುಕಿಂಗ್’ ಎಂದು ಕೇಳಿದರೆ ‘ಐ ಆ್ಯಮ್ ಫಾಂಡ್ ಆಫ್ ಕಲಿನರಿ ಆ್ಯಕ್ಟಿವಿಟೀಸ್’ ಅನ್ನುತ್ತಾನೆ! ‘ನಾಟ್ ರಿಯಲಿ, ಮೈ ಮದರ್ ವೋಂಟ್ ಲೆಟ್ ಮಿ ನಿಯರ್ ದ ಸ್ಟೋವ್’ ಅಂದಿದ್ದರೆ ಮುಗಿದಿತ್ತು.

ನಿಜವಾಗಿ ‘ಬೇಕಾಗುವುದು’ ಎರಡನೇ ಭಾಗದಲ್ಲಿ. ಕೈಗೆ ವಿಷಯ ಬರೆದ ಒಂದು ಚೀಟಿ, ಯೋಚಿಸಲು ಒಂದು ನಿಮಿಷ, ಮಾತಾಡಲು ಒಂದರಿಂದ ಎರಡು ನಿಮಿಷ. ನಿಮ್ಮ ಕಡೆಯ ತಿನಿಸು ಎಂದು ಬಂದರೆ ಕಡಕ್ ರೊಟ್ಟಿಗೆ ಇಂಗ್ಲಿಷಿನಲ್ಲಿ ಸಿದ್ಧ ಹೆಸರಿಲ್ಲ. ಅದು ಯಾವ ಜಾತಿಯದು, ಯಾತರದ್ದು, ಹೇಗೆ ಮಾಡುತ್ತಾರೆ, ಯಾಕೆ, ಈ ದಾರಿಯಲ್ಲಿ ಸುತ್ತಿ ಬರಬೇಕು. ‘ಎ ಥಿನ್ ಫ್ಲ್ಯಾಟ್‌ಬ್ರೆಡ್’. ಜೋಳಕ್ಕೆ ‘ಸೋರ್ಗಮ್’ ನೆನಪಾಗದಿದ್ದರೆ ‘ಎ ಗ್ರೇನ್ ದಟ್ ನೀಡ್ಸ್ ವೆರಿ ಲಿಟಲ್ ರೇನ್’. ಬಡಿಯುವುದಕ್ಕೆ ‘ವಿ ಪ್ಯಾಟ್ ಇಟ್ ಔಟ್ ಬೈ ಹ್ಯಾಂಡ್’. ಹಂಚಿಗೆ ‘ದ ಐರನ್ ಪ್ಲೇಟ್ ವಿ ಕುಕ್ ಇಟ್ ಆನ್’. ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸದಿದ್ದರೆ ಅಂಚು ಬಿರಿಯುತ್ತದೆ, ಜೋಳದಲ್ಲಿ ಗೋಧಿಯಂತೆ ಅಂಟಿಲ್ಲವಲ್ಲ. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಅಷ್ಟು ಹೇಳುವಷ್ಟರಲ್ಲಿ ಎರಡು ನಿಮಿಷ ತುಂಬಿ, ಪರೀಕ್ಷಕರೇ ‘ಥ್ಯಾಂಕ್ ಯು’ ಎಂದು ತಡೆಯುತ್ತಾರೆ. ಕಟ್ಟಡ ಎಂದು ಬಂದರೆ ವಿಜಯಪುರದವರಿಗೆ ಗೋಳಗುಮ್ಮಟ ಇದ್ದೇ ಇದೆ. ‘ಡೋಮ್’ ಮರೆತರೆ ‘ದ ಹ್ಯೂಜ್ ರೌಂಡ್ ರೂಫ್’ ಸಾಕು. ಬೇಕಾದರೆ 1656 ಎಂದು ಇಸವಿ ಹೇಳಬಹುದು, 1756 ಎಂದರೂ ನಡೆಯುತ್ತದೆ. ಇತಿಹಾಸಕ್ಕೆ ಅಲ್ಲಿ ಅಂಕವಿಲ್ಲ.

ಮೂರನೇ ಭಾಗದಲ್ಲಿ ಪ್ರಶ್ನೆಯೇ ಅರ್ಥವಾಗದಿದ್ದರೆ ‘ಕುಡ್ ಯು ಪುಟ್ ದಟ್ ಅನದರ್ ವೇ’ ಎಂದು ಕೇಳಬಹುದು. ಪರೀಕ್ಷಕರು ಬದಲಿಸಿ ಕೇಳುತ್ತಾರೆ. ಒಂದನೇ ಭಾಗದಲ್ಲಿ ಅವರು ಬರೆದುಕೊಟ್ಟದ್ದನ್ನೇ ಓದುವುದರಿಂದ ಮತ್ತೊಮ್ಮೆ ಓದಿಯಾರು, ಅಷ್ಟೇ. ಕೇಳಿದರೆ ಅಂಕ ಹೋದೀತೆಂದು ಹೆದರಿ, ತಿಳಿಯದ ಪ್ರಶ್ನೆಗೆ ಪರಿಸರ ಮಾಲಿನ್ಯದ ಮೇಲೆ ಭಾಷಣ ಕೊಟ್ಟು ಬರುವವರಿದ್ದಾರೆ. ಪರಿಸರ ಮಾಲಿನ್ಯ ಮಾತ್ರ ಎಲ್ಲರಿಗೂ ಬಾಯಿಪಾಠ.