ಓಟಿಗೆ ಮುಂಚೆ ಸಿಗುವ ಲೆಕ್ಕ

2022ರ ಆಗಸ್ಟ್ ಮೊದಲ ವಾರ ಹುಕ್ಕೇರಿಯಿಂದ ನಮ್ಮ ಕಾಕಾ ಫೋನ್ ಮಾಡಿದ್ದರು. "ನಮ್ಮ ಚಿಕ್ಕೋಡಿ ಹುಡುಗ ನಿಮ್ಮಲ್ಲಿ ಎಂಪಿ ಆಗಾಕತ್ತಾನಂತಲ್ಲೋ, ನೀ ಓಟ್ ಹಾಕಿದಿಯೋ ಇಲ್ಲೋ?" ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ, ಅದು ಆ ಕ್ಷೇತ್ರಕ್ಕೆ ಸೇರುವುದಿಲ್ಲ. ಸೇರಿದ್ದರೂ ಆಗ ನಾನು ಎಚ್-1ಬಿ ವೀಸಾದಲ್ಲಿದ್ದವನು, ಓಟು ಎಲ್ಲಿಂದ ಬರಬೇಕು? ಅಷ್ಟು ಹೇಳಿದರೂ ಕಾಕಾಗೆ ಸಮಾಧಾನವಾಗಲಿಲ್ಲ. ಊರಿನವನಿಗೆ ಊರಿನವನು ಇಷ್ಟೂ ಮಾಡದಿದ್ದರೆ ಹೇಗೆ ಎಂಬುದು ಅವರ ಮಾತು.

ಆ "ಹುಡುಗ" ಶ್ರೀ ಥಾಣೇದಾರ್. ಹುಟ್ಟಿದ್ದು 1955ರಲ್ಲಿ, ಚಿಕ್ಕೋಡಿಯಲ್ಲಿ. ಬೆಳೆದದ್ದು ಬೆಳಗಾವಿಯಲ್ಲಿ, ಮನೆಮಾತು ಮರಾಠಿ. ತಂದೆ ನಿವೃತ್ತರಾದ ಮೇಲೆ ದೊಡ್ಡ ಸಂಸಾರಕ್ಕೆ ಸಣ್ಣಪುಟ್ಟ ಕೆಲಸ ಮಾಡಿ ನೆರವಾದವರು. ರಸಾಯನಶಾಸ್ತ್ರ ಓದಿ, 1979ರಲ್ಲಿ ಅಮೆರಿಕಕ್ಕೆ ಬಂದು ಅಕ್ರನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದರು. 1990ರ ಸುಮಾರಿಗೆ ಒಂದು ಪುಟ್ಟ ಪ್ರಯೋಗಾಲಯವನ್ನು 75 ಸಾವಿರ ಡಾಲರಿಗೆ ಕೊಂಡು ದೊಡ್ಡದು ಮಾಡಿದರು. ಆರ್ಥಿಕ ಹಿಂಜರಿತದ ಹೊಡೆತಕ್ಕೆ ಕಟ್ಟಿದ್ದೆಲ್ಲ ಬ್ಯಾಂಕಿನ ಪಾಲಾಯಿತು. ಮಿಷಿಗನ್‌ಗೆ ಬಂದು ಮತ್ತೊಂದು ಪ್ರಯೋಗಾಲಯ ಕಟ್ಟಿ, ಅದರ ಬಹುಪಾಲನ್ನು 2016ರಲ್ಲಿ ಮಾರಿ ಮತ್ತೆ ಕೋಟ್ಯಧೀಶರಾದರು. ಇಷ್ಟನ್ನು ನಮ್ಮ ವಾಟ್ಸ್ಯಾಪ್ ಗುಂಪುಗಳು ಹೆಮ್ಮೆಯಿಂದ ಹಂಚಿಕೊಂಡವು. ನನಗೂ ಹೆಮ್ಮೆಯಾಗಿತ್ತು. ಆದರೆ ಅಲ್ಲಿಗೇ ನಿಂತರೆ ಈ ಕಥೆಯಲ್ಲಿ ನಾವು ಕಲಿಯಬೇಕಾದದ್ದು ಕೈತಪ್ಪುತ್ತದೆ. ಅದು ಹಣದ ಕಥೆ.

ಇಲ್ಲಿ ಬಿ-ಫಾರ್ಮ್ ಕೊಡುವ ಹೈಕಮಾಂಡ್ ಇಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ಪ್ರೈಮರಿಯಲ್ಲಿ ಮತದಾರರೇ ಆರಿಸುತ್ತಾರೆ. ಟಿಕೆಟ್‌ಗಾಗಿ ದೆಹಲಿಯಲ್ಲಿ ಕಾಯಬೇಕಿಲ್ಲ ಎಂಬುದು ದೊಡ್ಡ ಮಾತು. ಅದೇ ಬಾಗಿಲಿನಿಂದ ದುಡ್ಡೂ ಒಳಬರುತ್ತದೆ. ಸ್ವಂತ ಹಣವನ್ನು ಸ್ವಂತ ಪ್ರಚಾರಕ್ಕೆ ಸುರಿಯಲು ಇಲ್ಲಿ ಮಿತಿಯಿಲ್ಲ, 1976ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಅಂಥ ಮಿತಿಯನ್ನು ಹೊಡೆದುಹಾಕಿತು. 2018ರಲ್ಲಿ ಗವರ್ನರ್ ಆಗಲು ಥಾಣೇದಾರ್ ಹತ್ತಿರ ಹತ್ತಿರ ಒಂದು ಕೋಟಿ ಡಾಲರ್ ಸ್ವಂತದ್ದು ಹಾಕಿ ಪ್ರೈಮರಿಯಲ್ಲಿ ಮೂರನೆಯವರಾದರು. 2020ರಲ್ಲಿ ರಾಜ್ಯದ ಶಾಸಕರಾದರು. 2022ರಲ್ಲಿ ಡೆಟ್ರಾಯ್ಟ್‌ನ ಬಹುಭಾಗವಿರುವ 13ನೇ ಕ್ಷೇತ್ರದಿಂದ ಸಂಸತ್ತಿಗೆ ನಿಂತಾಗ ಸ್ವಂತದ್ದು 50 ಲಕ್ಷ ಡಾಲರ್‌ಗೂ ಹೆಚ್ಚು ಇಟ್ಟರು. ನಮ್ಮ ರೂಪಾಯಿಯಲ್ಲಿ ಸುಮಾರು 40 ಕೋಟಿ. ನಮ್ಮ ಲೋಕಸಭಾ ಅಭ್ಯರ್ಥಿಗೆ ಖರ್ಚಿನ ಮಿತಿ 95 ಲಕ್ಷ.

ಪ್ರೈಮರಿಯಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 28 ಶೇಕಡ ಮತ. ಉಳಿದದ್ದು ಹಲವರ ನಡುವೆ ಹಂಚಿಹೋಗಿ ಅವರೇ ಗೆದ್ದರು, ನವೆಂಬರ್‌ನ ಮುಖ್ಯ ಚುನಾವಣೆಯನ್ನೂ ಗೆದ್ದರು. ಹತ್ತರಲ್ಲಿ ಏಳೆಂಟು ಜನ ಕಪ್ಪು ಜನಾಂಗದವರಿರುವ ಡೆಟ್ರಾಯ್ಟ್‌ಗೆ 1955ರಿಂದೀಚೆ ಮೊದಲ ಬಾರಿಗೆ ಕಪ್ಪು ಸಂಸದರಿಲ್ಲದಂತಾಯಿತು. ಆ ಊರಿನವರ ನೋವು ನನ್ನ ಸಹೋದ್ಯೋಗಿಯೊಬ್ಬರ ಮುಖದಲ್ಲಿ ಕಂಡಿದ್ದೇನೆ. ಊಟದ ಹೊತ್ತಿಗೆ ನಾನು ಉತ್ಸಾಹದಿಂದ ಸುದ್ದಿ ಎತ್ತಿದೆ. ಆಕೆ ಚಮಚ ಕೆಳಗಿಟ್ಟು ಸುಮ್ಮನಾದರು. ನಮ್ಮ ಹೆಮ್ಮೆ ಇನ್ನೊಬ್ಬರ ನಷ್ಟದ ಪಕ್ಕದಲ್ಲೇ ಕೂತಿದೆ ಎಂದು ಅವತ್ತು ತಿಳಿಯಿತು. ಹಣವಂತನೊಬ್ಬ ತನ್ನದೇ ಗಂಟಿನಿಂದ ಸೀಟು ಹಿಡಿಯಬಹುದಾದ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಆತ ನಮ್ಮೂರಿನವನಾದರೂ.

ಆದರೂ ಈ ಅಂಕಿಗಳೆಲ್ಲ ನನ್ನಂಥವನಿಗೆ ಹೇಗೆ ಗೊತ್ತು? ಅದರಲ್ಲೇ ಇದೆ ನನ್ನ ಹೊಟ್ಟೆಕಿಚ್ಚು. ಗೆಳೆಯರೊಬ್ಬರ ಮನೆಯಲ್ಲಿ ಒಬ್ಬ ಅಭ್ಯರ್ಥಿಗಾಗಿ ಚಂದಾ ಎತ್ತುವ ಸಭೆ ನಡೆದಿತ್ತು. ಮಂಡಕ್ಕಿ, ಮಿರ್ಚಿ, ಚಹಾ. ಬಾಗಿಲಲ್ಲೇ ಒಂದು ಫಾರ್ಮ್: ಹೆಸರು, ವಿಳಾಸ, ಉದ್ಯೋಗ, ಯಾರಲ್ಲಿ ಕೆಲಸ, ನಾಗರಿಕರೋ ಗ್ರೀನ್ ಕಾರ್ಡಿನವರೋ. ನಾನು ಎರಡೂ ಅಲ್ಲ ಎಂದೆ. ಫಾರ್ಮ್ ಹಿಡಿದಿದ್ದ ಹುಡುಗಿ, "ಅಂಕಲ್, ನೀವು ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ, ತಿಂಡಿ ತಿನ್ನಿ" ಎಂದು ಕೈಗೆ ತಟ್ಟೆ ಕೊಟ್ಟಳು. ಒಟ್ಟು 200 ಡಾಲರ್ ಮೀರಿ ಕೊಟ್ಟವರ ಹೆಸರು, ಊರು, ಉದ್ಯೋಗ ಎಲ್ಲ ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಮುಖ್ಯ ಸಂಗತಿಯೆಂದರೆ ಮತದಾನಕ್ಕೆ 12 ದಿನ ಮುಂಚೆ ಒಂದು ವರದಿ ಬರುತ್ತದೆ. ಆಮೇಲೂ ಸಾವಿರ ಡಾಲರ್ ಅಥವಾ ಹೆಚ್ಚು ಬಂದರೆ 48 ಗಂಟೆಯೊಳಗೆ ತಿಳಿಸಬೇಕು.

ಹೊರಗಿನ ದುಡ್ಡೂ ಕಾಣುತ್ತದೆ. 2022ರಲ್ಲಿ ಇಸ್ರೇಲ್ ಪರ ಗುಂಪೊಂದರ ಸೂಪರ್ ಪ್ಯಾಕ್ (ಅಭ್ಯರ್ಥಿಯಿಂದ ಬೇರೆಯಾಗಿ ನಿಂತು ಮಿತಿಯಿಲ್ಲದೆ ಖರ್ಚು ಮಾಡಬಹುದಾದ ಸಮಿತಿ), ಥಾಣೇದಾರ್ ಎದುರಾಳಿ ಆಡಮ್ ಹಾಲಿಯರ್ ಪರವಾಗಿ 40 ಲಕ್ಷ ಡಾಲರ್‌ಗೂ ಮಿಕ್ಕಿ ಖರ್ಚು ಮಾಡಿತು. ಶಾಸಕರಾಗಿದ್ದಾಗ ಥಾಣೇದಾರ್ ಇಸ್ರೇಲ್ ನೆರವಿನ ವಿರುದ್ಧದ ಒಂದು ನಿರ್ಣಯಕ್ಕೆ ಕೈಜೋಡಿಸಿದ್ದರು. ಸಂಸತ್ತಿಗೆ ಹೋದ ಮೇಲೆ ಅವರ ನಿಲುವು ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲನ್ನು ಟೀಕಿಸುವ ಎಡಪಂಥೀಯರಾದ ಡೆಮಾಕ್ರಟಿಕ್ ಸೋಷಿಯಲಿಸ್ಟರ ಸಂಘಟನೆಯನ್ನೂ ಬಿಟ್ಟರು. ಮನಸ್ಸು ಬದಲಾಯಿತೋ ರಾಜಕೀಯದ ಲೆಕ್ಕವೋ, ತೀರ್ಪು ಓದುವವರಿಗೆ ಬಿಟ್ಟದ್ದು. ಹಣ, ಮತ, ಮಾತು ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಲು ಸಾಧ್ಯ ಎಂಬುದು ನನಗೆ ಮುಖ್ಯ.

ಸಂಸತ್ತಿನ ಕೆಲಸಕ್ಕೂ ಇದೇ ಮಾತು. ಮೊದಲ ಅವಧಿಯ, ಸದನದಲ್ಲಿ ಬಹುಮತವಿಲ್ಲದ ಪಕ್ಷದ ಸದಸ್ಯನಿಗೆ ಕಾನೂನು ಮಾಡಿಸುವ ಬಲ ಕಡಿಮೆ. ಥಾಣೇದಾರ್‌ಗೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ (ಆಂತರಿಕ ಭದ್ರತೆ) ಮತ್ತು ಸಣ್ಣ ಉದ್ಯಮಗಳ ಸಮಿತಿ ಸಿಕ್ಕವು. 2023ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರ ಪರ ಒಂದು ಸಂಸದರ ಕೂಟ ಕಟ್ಟಿದರು. ನಮ್ಮವರು ಇದಕ್ಕೇ ಹೆಚ್ಚು ಚಪ್ಪಾಳೆ ಹೊಡೆದರು. ಡೆಟ್ರಾಯ್ಟ್‌ನ ಮತದಾರನಿಗೆ ಅದರಿಂದ ಏನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ಅವರು ಹಾಕಿದ ಮತವನ್ನು ಮಾತ್ರ ಮಸೂದೆ ಮಸೂದೆಯಾಗಿ ಹುಡುಕಿ ನೋಡಬಹುದು. ನಮ್ಮ ಲೋಕಸಭೆಯಲ್ಲಿ ಹೆಚ್ಚಿನದು ಧ್ವನಿಮತದಲ್ಲಿ ಮುಗಿಯುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಸ್ವತಂತ್ರ ಭಾರತದಲ್ಲಿ ಪಾಸಾದ ಖಾಸಗಿ ಸದಸ್ಯರ (ಮಂತ್ರಿಯಲ್ಲದವರು ತಂದ) ಮಸೂದೆಗಳು 14, ಕೊನೆಯದು 1970ರಲ್ಲಿ. ಹಾಗಾಗಿ ಮೊದಲ ಸಲ ಗೆದ್ದ ನಮ್ಮ ಎಂಪಿಯನ್ನು ನಾವು ಅಳೆಯುವುದು ರೈಲು ತಂದನೋ, ಮದುವೆಗೆ ಬಂದನೋ ಎಂಬುದರಿಂದ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಪ್ರಚಾರದ ನಡುವೆ ಮೂರು ಸಲ ಖರ್ಚಿನ ರಿಜಿಸ್ಟರ್ ತೋರಿಸಬೇಕು, ಫಲಿತಾಂಶ ಬಂದು 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು. ಆಸ್ತಿಪಾಸ್ತಿ, ಕೇಸುಗಳ ಪ್ರಮಾಣಪತ್ರವೂ ಇದೆ. ಆ ವಿಷಯದಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 20 ಸಾವಿರದವರೆಗೆ ಪಕ್ಷಕ್ಕೆ ಕೊಟ್ಟವರ ಹೆಸರು ಹೇಳಬೇಕಿಲ್ಲ. ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡುವವರೆಗೂ ಆರು ವರ್ಷ ಯಾರು ಯಾರಿಗೆ ಕೊಟ್ಟರೆಂದು ಮತದಾರನಿಗೆ ಗೊತ್ತೇ ಇರಲಿಲ್ಲ.

ನನ್ನ ತಮ್ಮನೊಬ್ಬ, ಚಿಕ್ಕಪ್ಪನ ಮಗ, ಒಂದು ಚುನಾವಣೆಯಲ್ಲಿ ಬೂತ್ ಖರ್ಚು ನೋಡಿಕೊಂಡಿದ್ದ. ಅವನ ಬ್ಯಾಗಿನಲ್ಲಿ ಎರಡು ನೋಟ್‌ಬುಕ್ ಇದ್ದವು. ಒಂದರಲ್ಲಿ ಪೆಂಡಾಲು, ಮೈಕು, ಬಾಡಿಗೆ ಜೀಪು. ಇನ್ನೊಂದು ರಟ್ಟು ಕಿತ್ತ ಚಿಕ್ಕ ಪುಸ್ತಕ, ಪೆನ್ಸಿಲ್ ಬರಹ: ಓಣಿಯ ಹೆಸರು, ಮನೆಗಳ ಸಂಖ್ಯೆ, ಎದುರಿಗೆ ಒಂದು ಮೊತ್ತ. "ಇದು ಯಾರಿಗೆ ತೋರಸ್ತಿ?" ಎಂದೆ. "ಧಣಿಗೆ, ಅಣ್ಣಾ. ಆಮ್ಯಾಲೆ ಒಲಿಗೆ" ಎಂದ.

ಆ ಎರಡನೆಯ ಪುಸ್ತಕ ಒಂದೇ ಕಾನೂನಿನಿಂದ ಹೊರಬರುವುದಿಲ್ಲ, ಬಲ್ಲೆ. ಆದರೆ ಮೊದಲನೆಯದನ್ನಾದರೂ ಪೂರ್ತಿ ಮಾಡಬಹುದು. ಕ್ಷೇತ್ರಕ್ಕೆ ಪಕ್ಷ ಕಳಿಸಿದ ಹಣ ಎಷ್ಟು, ಪಕ್ಷಕ್ಕೆ ಆ ಹಣ ಕೊಟ್ಟವರು ಯಾರು ಎಂಬುದು ಮತದಾನಕ್ಕೆ ಮುಂಚೆ, ಕನ್ನಡದಲ್ಲಿ, ಮೊಬೈಲಿನಲ್ಲಿ ಓದಲು ಸಿಗಬೇಕು. ಕಳೆದ ವಾರ ಕಾಕಾಗೆ ವಿಡಿಯೋ ಕರೆಯಲ್ಲಿ ಇಲ್ಲಿನ ಆಯೋಗದ ಪುಟ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು. "ನಮ್ಮ ಎಂಪಿದ್ದು ತೆಗಿ ನೋಡೋಣ" ಎಂದರು.