ಪಿಆರ್‌ನವನಿಗೆ ಏನು ಗೊತ್ತಿರಬೇಕು?

ಕಾರವಾರದಲ್ಲಿ ಕಂಪನಿಗಳ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಕೆಲಸ ಮಾಡುತ್ತ ಬಂದವನು ನಾನು. ಮೇಲಿನವರು ನಮ್ಮ ಸಾಮರ್ಥ್ಯ ಅಳೆಯುವ ರೀತಿ ನೋಡಿದರೆ ಸಂಕಟವಾಗುತ್ತದೆ. ಪ್ರೆಸ್‌ನೋಟ್ ಎಷ್ಟು ಪೇಪರಲ್ಲಿ ಬಂತು, ಸಾಹೇಬರ ಫೋಟೋ ಬಂತಾ, ವಿರೋಧದ ಸುದ್ದಿ ಒಳಪುಟಕ್ಕೆ ಹೋಯಿತಾ? ಇಷ್ಟಾದರೆ ಹುಡುಗ ಚುರುಕು! ನಮ್ಮ ವೃತ್ತಿಯವರನ್ನು ಕೇಳಿ, ನಿರ್ಧಾರ ಮಾಡುವ ಸಭೆಯಲ್ಲಿ ನಮಗೂ ಜಾಗ ಬೇಕು ಅನ್ನುತ್ತಾರೆ. ಬೇಕು, ನಿಜ. ಆದರೆ ಊರಿನವರ ಮಾತೇ ಗೊತ್ತಿಲ್ಲದಿದ್ದರೆ ಅಲ್ಲಿ ಕೂತು ಹೇಳುವುದೇನು?

ಕರಾವಳಿಯ ಒಂದು ಯೋಜನೆಯ ಸಭೆ. ಪರದೆಯ ಮೇಲೆ ಉದ್ಯೋಗದ ಲೆಕ್ಕ ಓಡುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಮೀನು ಮಾರುವ ಅಕ್ಕ ಎದ್ದು, "ಅದೆಲ್ಲ ಇರ್ಲಿ ಸಾಹೇಬ್ರೇ, ನಾವು ಮೀನು ಒಣಗ್ಸೂದು ಎಲ್ಲಿ? ದೋಣಿ ಎಳ್ದು ಇಡೂದು ಎಲ್ಲಿ?" ಅಂದರು. ವೇದಿಕೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಮರುದಿನ ‘ಸಭೆ ಸುಸೂತ್ರ’ ಅಂತ ಪ್ರೆಸ್‌ನೋಟ್ ಹೋಯಿತು, ಪೇಪರಲ್ಲೂ ಬಂತು, ಮೇಲಿನವರಿಗೆ ಖುಷಿಯಾಯಿತು. ಆ ಎರಡು ಪ್ರಶ್ನೆ ಮಾತ್ರ ಯಾವ ಫೈಲಿಗೂ ಹೋಗಲಿಲ್ಲ.

ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಅಳೆಯುವುದಕ್ಕಾಗಿ ಕೇಂದ್ರ ಸರ್ಕಾರ ಹೊರಡಿಸಿದ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ, ಜನರ ಅಭಿಪ್ರಾಯ ಕೇಳುವ ಇಂಥ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಪಿಆರ್‌ನವನ ಕಸುಬು ಗೊತ್ತಾಗುವುದು ಆ 30 ದಿನಗಳಲ್ಲಿ. ಬೆಳಗಿನ ಜಾವ ಬಂದರಿಗೆ ಹೋದನಾ? ಕೊಂಕಣಿಯವರ ಜೊತೆ ಕೊಂಕಣಿಯಲ್ಲಿ ಮಾತಾಡಿದನಾ? ಬೈಸಿಕೊಂಡಿದ್ದನ್ನೂ ಸೇರಿಸಿ ಮೇಲಿನವರಿಗೆ ಹೇಳಿದನಾ? ಕೊನೆಯದೇ ಕಷ್ಟ. ಅಲ್ಲಿಯೇ ನೌಕರಿಯ ಹೆದರಿಕೆ ಶುರುವಾಗುತ್ತದೆ.

ಇದೇನೂ ಹೊಸ ವಿಚಾರವಲ್ಲ. ಅಮೆರಿಕದ ಪಿಆರ್ ವಿದ್ವಾಂಸರಾದ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ 1984ರಲ್ಲೇ ಪಿಆರ್‌ನ ನಾಲ್ಕು ಮಾದರಿ ಗುರುತಿಸಿದ್ದರು. ಮೊದಲನೆಯದು ಬರೀ ಪ್ರಚಾರ. ನಾಲ್ಕನೆಯದರಲ್ಲಿ ಜನರ ಮಾತು ಕೇಳಿ ಸಂಸ್ಥೆಯೂ ಬದಲಾಗಬೇಕು. ನಾನು ಕಂಡ ಆಫೀಸುಗಳು ಹೆಚ್ಚಿನವು ಮೊದಲನೆಯದನ್ನು ದಾಟಿಲ್ಲ.

ಆಪತ್ತಿನಲ್ಲಂತೂ ಪ್ರಚಾರ ಮೂರು ಕಾಸಿಗೂ ಬಾರದು. 2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮೂರಿನ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಚಾಲಕನ ಜೀವ ಉಳಿಯಿತು. ಬೆಳಗಾದಾಗ ನಮಗೆಲ್ಲ ಬೇಕಿದ್ದದ್ದು ಪಕ್ಕದ ಹೊಸ ಸೇತುವೆ ಗಟ್ಟಿ ಇದೆಯಾ, ಆಚೆ ದಡದ ಸದಾಶಿವಗಡಕ್ಕೆ ಹೋಗಬಹುದಾ ಅನ್ನುವುದಷ್ಟೇ. ಅಂಥ ಹೊತ್ತಿನಲ್ಲಿ ಗೊತ್ತಿರುವುದನ್ನು ಬೇಗ, ನೇರವಾಗಿ ಹೇಳಿ, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಅಂತ ತಿಳಿಸುವವನು ಬೇಕು.

ಕಂಪನಿ ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಪಿಆರ್‌ಗೆ ಜನ ತೆಗೆದುಕೊಳ್ಳುವಾಗ ಪೇಪರ್ ಕಟಿಂಗ್ ಫೈಲು ಪಕ್ಕಕ್ಕಿಡಿ. "ನಿನ್ನ ಹಿಂದಿನ ಸಾಹೇಬರಿಗೆ ಇಷ್ಟವಾಗದ ಯಾವ ಮಾತನ್ನು ಅವರೆದುರೇ ಹೇಳಿದ್ದೆ?" ಅಂತ ಕೇಳಿ.